ಅಂಗವೈಕಲ್ಯದ ಕಾರಣಕ್ಕೆ ಕಾಲೇಜಿನಲ್ಲಿ ತಾರತಮ್ಯವಾದರೆ: ದೂರು ಕೊಡುವ ಕ್ರಮ, ಹಂತ ಹಂತವಾಗಿ

ವಿಕಲಚೇತನ ವಿದ್ಯಾರ್ಥಿಯ ದೂರು ಬಿದ್ದುಹೋದಾಗ ಕಡತದಲ್ಲಿ ಸಾಮಾನ್ಯವಾಗಿ ಕಾಣುವ ಸಾಲು ಇದು: ‘ಸದರಿ ವಿದ್ಯಾರ್ಥಿಯು ಇಂಥ ಸೌಲಭ್ಯವನ್ನು ಕೋರಿರುವುದಿಲ್ಲ.’ ವಿದ್ಯಾರ್ಥಿ ಕೇಳಿರುತ್ತಾರೆ. ವಿಭಾಗದ ಮುಖ್ಯಸ್ಥರ ಬಾಗಿಲಲ್ಲಿ ನಿಂತು ಕೇಳಿರುತ್ತಾರೆ, ಫೋನಿನಲ್ಲಿ ಕೇಳಿರುತ್ತಾರೆ, ಪರೀಕ್ಷೆಯ ಬೆಳಿಗ್ಗೆ ಕೊಠಡಿ ಮೇಲ್ವಿಚಾರಕರನ್ನು ಅಂಗಲಾಚಿರುತ್ತಾರೆ. ಕಾಗದದ ಮೇಲೆ ಕೇಳಿರುವುದಿಲ್ಲ, ಅಷ್ಟೇ. ಹಾಗಾಗಿ ಇಲ್ಲಿ ದೂರಿಗಿಂತ ದೂರಿನ ಹಿಂದಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದೆ. ಕಾನೂನು ಇಡೀ ದೇಶದ್ದು. ಹುದ್ದೆ, ಕಚೇರಿಗಳ ಹೆಸರು ಕರ್ನಾಟಕದವು.

ಪರೀಕ್ಷೆಗೋ ಪ್ರವೇಶದ ಕೊನೆಯ ದಿನಕ್ಕೋ ಎರಡು ವಾರಕ್ಕಿಂತ ಕಡಿಮೆ ಉಳಿದಿದೆಯೇ? ಹಾಗಾದರೆ 3ನೇ ಹಂತದ ಮನವಿಯನ್ನು ಇವತ್ತೇ ಕೊಟ್ಟು, ನೇರವಾಗಿ 8ನೇ ಹಂತಕ್ಕೆ ಹೋಗಿ. ಉಳಿದದ್ದನ್ನು ಆಮೇಲೆ ಓದಿಕೊಳ್ಳಬಹುದು.

## 1. ಆಗಿದ್ದಕ್ಕೆ ಸರಿಯಾದ ಹೆಸರಿಡಿ

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ ಸೆಕ್ಷನ್ 2(ಎಚ್) ತಾರತಮ್ಯ ಎಂದರೇನೆಂದು ಹೇಳುತ್ತದೆ. ಅಲ್ಲಿ ಎರಡು ಮಾತು ಮುಖ್ಯ. ಮೊದಲನೆಯದು, ‘ಉದ್ದೇಶ ಅಥವಾ ಪರಿಣಾಮ’ ಎಂಬ ಪದಗಳು. ಕಾಲೇಜಿನವರಿಗೆ ಕೆಟ್ಟ ಉದ್ದೇಶವಿತ್ತೆಂದು ನೀವು ತೋರಿಸಬೇಕಿಲ್ಲ. ಅವರ ನಡೆಯಿಂದ ನೀವು ಹೊರಗುಳಿದಿರಿ ಎಂದು ತೋರಿಸಿದರೆ ಸಾಕು. ಎರಡನೆಯದು, ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ. ಹೆಚ್ಚುವರಿ ಸಮಯ, ಲಿಪಿಕಾರ (ನೀವು ಹೇಳಿದ ಉತ್ತರವನ್ನು ಬರೆಯುವವರು), ನೆಲಮಹಡಿಯ ತರಗತಿ, ಸ್ಕ್ರೀನ್ ರೀಡರ್ (ಪರದೆಯ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ) ಓದಬಲ್ಲ ನೋಟ್ಸ್, ಸನ್ನೆ ಭಾಷೆಯ ದುಭಾಷಿ ಇವೆಲ್ಲ ಹೊಂದಾಣಿಕೆಗಳು. ಶಿಕ್ಷಣ ಸಂಸ್ಥೆ ಇವನ್ನು ಒದಗಿಸಬೇಕೆಂಬುದು ಸೆಕ್ಷನ್ 16ರಲ್ಲಿದೆ. ಪರೀಕ್ಷಾ ಪದ್ಧತಿಯಲ್ಲಿ ಮಾರ್ಪಾಡು, ಹೆಚ್ಚುವರಿ ಸಮಯ, ಲಿಪಿಕಾರ ಇವು ಸೆಕ್ಷನ್ 17ರಲ್ಲಿ ಹೆಸರು ಹಿಡಿದು ಬಂದಿವೆ.

ಎಡವುವುದು ಹೆಚ್ಚಾಗಿ ಶೇ. 40ರ ವಿಷಯದಲ್ಲಿ. ಶೇ. 40 ಮತ್ತು ಅದಕ್ಕಿಂತ ಹೆಚ್ಚಿನ ವೈಕಲ್ಯ ಬೇಕಾಗುವುದು ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ: ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದ ಸೀಟು, ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ. ಇವು ಸೆಕ್ಷನ್ 32ರವು. ತಾರತಮ್ಯದಿಂದ ರಕ್ಷಣೆಗೆ, ಸೂಕ್ತ ಹೊಂದಾಣಿಕೆಗೆ ಈ ಮಿತಿ ಇಲ್ಲ. ಬರೆಯುವ ತೊಂದರೆಯಿದ್ದ ಅಭ್ಯರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ಇದನ್ನು ಸ್ಪಷ್ಟವಾಗಿ ಹೇಳಿದೆ. ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ ಎಂದು ಆ ತೀರ್ಪಿನ ಹೆಸರು. ‘ನಿನಗೆ 40 ಇಲ್ಲ, ಹೋಗು’ ಎಂದು ಗುಮಾಸ್ತರು ಹೇಳಿದರೆ ಈ ಹೆಸರನ್ನು ಮನವಿಯಲ್ಲಿ ಬರೆಯಿರಿ.

ಎಲ್ಲ ಅನ್ಯಾಯಕ್ಕೂ ಇದೇ ಬಾಗಿಲು ಅಲ್ಲ ಎಂಬುದೂ ನೆನಪಿರಲಿ. ಸಹಪಾಠಿಗಳು ಅಣಕಿಸಿ ಕಾಡುತ್ತಿದ್ದರೆ ರ‍್ಯಾಗಿಂಗ್ ವಿರೋಧಿ ಸಮಿತಿ ಬೇಗ ಕೆಲಸ ಮಾಡುತ್ತದೆ; ದೇಶವ್ಯಾಪಿ ಸಹಾಯವಾಣಿ 1800-180-5522. ಲೈಂಗಿಕ ಕಿರುಕುಳವಾದರೆ ಆಂತರಿಕ ದೂರು ಸಮಿತಿ. ವೈಕಲ್ಯದ ಪ್ರಮಾಣವನ್ನು ಆಸ್ಪತ್ರೆ ಕಡಿಮೆ ಬರೆದಿದ್ದರೆ ಅದು ಕಾಲೇಜಿನ ಮೇಲಿನ ದೂರಲ್ಲ, ಸೆಕ್ಷನ್ 59ರ ಮೇಲ್ಮನವಿ. ಅಂಕ ಕಡಿಮೆ ಬಂತೆಂಬ ಸಿಟ್ಟು, ಹಾಸ್ಟೆಲ್ ಊಟದ ತಕರಾರು ಇವನ್ನು ಅದೇ ದೂರಿಗೆ ಸುತ್ತಬೇಡಿ. ಒಂದು ದೂರಿನಲ್ಲಿ ಹತ್ತು ವಿಷಯ ಸೇರಿಸಿದರೆ ಅವರು ಅತಿ ಸುಲಭದ್ದಕ್ಕೆ ಉತ್ತರ ಕೊಟ್ಟು ‘ವಿಲೇ ಮಾಡಲಾಗಿದೆ’ ಎಂದು ಕಡತ ಮುಚ್ಚುತ್ತಾರೆ.

## 2. ಕೈಯಲ್ಲಿರಬೇಕಾದ ಕಾಗದಗಳು

ವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡು, ಕಾಲೇಜಿನ ಗುರುತಿನ ಚೀಟಿ, ಪ್ರವೇಶ ಶುಲ್ಕದ ರಸೀದಿ, ಪ್ರವೇಶದ ಅರ್ಜಿಯಲ್ಲಿ ವೈಕಲ್ಯ ನಮೂದಿಸಿದ ಪುಟ. ಈ ಕೊನೆಯದನ್ನು ಬಹಳ ಮಂದಿ ಇಟ್ಟುಕೊಂಡಿರುವುದಿಲ್ಲ. ‘ನಮಗೆ ಗೊತ್ತೇ ಇರಲಿಲ್ಲ’ ಎಂಬ ಮಾತಿಗೆ ಅದಕ್ಕಿಂತ ಗಟ್ಟಿ ಉತ್ತರವಿಲ್ಲ. ಪೋರ್ಟಲ್‌ನಿಂದ ಈಗಲೇ ಇಳಿಸಿಕೊಳ್ಳಿ.

ಯುಡಿಐಡಿ ಇನ್ನೂ ಬಂದಿಲ್ಲವೆಂದು ಮನವಿ ಕೊಡದೆ ಕಾಯುವುದು ತಪ್ಪು. ಅರ್ಜಿ ಹಾಕಿದ ಸ್ವೀಕೃತಿಯನ್ನೂ ತಜ್ಞ ವೈದ್ಯರ ಪತ್ರವನ್ನೂ ಲಗತ್ತಿಸಿ ಕೇಳಿ, ‘ಕಾರ್ಡು ಬಂದೊಡನೆ ಸಲ್ಲಿಸುತ್ತೇನೆ’ ಎಂದು ಸೇರಿಸಿ.

ಲಿಪಿಕಾರ ಬೇಕಾದವರು ಇನ್ನೊಂದು ಕಾಗದ ಮರೆಯುತ್ತಾರೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2018ರ ಆಗಸ್ಟ್ 29ರಂದು ಹೊರಡಿಸಿದ ಪರೀಕ್ಷಾ ಮಾರ್ಗಸೂಚಿಯ ಪ್ರಕಾರ ದೃಷ್ಟಿಹೀನತೆ, ಎರಡೂ ಕೈಗಳ ಚಲನವೈಕಲ್ಯ, ಸೆರೆಬ್ರಲ್ ಪಾಲ್ಸಿ ಇರುವವರು ಕೇಳಿದರೆ ಲಿಪಿಕಾರರನ್ನು ಕೊಡಬೇಕು. ಬೇರೆ ವೈಕಲ್ಯದವರು ‘ಬರೆಯಲು ದೈಹಿಕ ಮಿತಿಯಿದೆ’ ಎಂಬ ಪ್ರತ್ಯೇಕ ಪ್ರಮಾಣಪತ್ರವನ್ನು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಜಿಲ್ಲಾ ಶಸ್ತ್ರಚಿಕಿತ್ಸಕ ಅಥವಾ ವೈದ್ಯಕೀಯ ಅಧೀಕ್ಷಕರಿಂದ ನಿಗದಿತ ನಮೂನೆಯಲ್ಲಿ ತರಬೇಕು. ಯುಡಿಐಡಿ ಮಾತ್ರ ಹಿಡಿದು ಹೋದವರನ್ನು ವಾಪಸ್ ಕಳಿಸುವುದು ಇಲ್ಲೇ, ಮತ್ತು ಈ ಒಂದು ಕಡೆ ಕಾಲೇಜಿನ ಮಾತು ಸರಿಯಿರುತ್ತದೆ. ಶೇ. 40ಕ್ಕಿಂತ ಕಡಿಮೆ ಇರುವವರಿಗಾಗಿ 2022ರ ಆಗಸ್ಟ್ 10ರಂದು ಬೇರೆ ಮಾರ್ಗಸೂಚಿ ಬಂತು. ಈ ನಿಯಮಗಳು ಪರಿಷ್ಕರಣೆಯಾಗುತ್ತಲೇ ಇರುತ್ತವೆ. ನಿಮ್ಮ ಪರೀಕ್ಷೆಯ ಅಧಿಸೂಚನೆ ಯಾವ ವರ್ಷದ್ದನ್ನು ಹೆಸರಿಸಿದೆಯೋ ಅದರ ನಮೂನೆಯನ್ನೇ ತುಂಬಿಸಿ.

## 3. ದೂರಿಗೆ ಮುನ್ನ ಮನವಿ

ಇದೇ ಬುನಾದಿ. ಒಂದು ಪುಟ ಸಾಕು. ಮನವಿಯಲ್ಲಿ ರೋಗದ ಹೆಸರಿಗಿಂತ ಮಾಡಲಾಗದ ಕೆಲಸವನ್ನು ಬರೆಯಿರಿ. ‘ನನಗೆ ಸ್ನಾಯು ಕ್ಷೀಣತೆ ಇದೆ’ ಎಂದರೆ ಓದುವ ಅಧಿಕಾರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಸತತವಾಗಿ ಬರೆಯಲಾಗುವುದಿಲ್ಲ, ಮೆಟ್ಟಿಲು ಹತ್ತಲಾಗುವುದಿಲ್ಲ’ ಎಂದರೆ ತಿಳಿಯುತ್ತದೆ. ಪೂರ್ತಿ ವೈದ್ಯಕೀಯ ಕಡತವನ್ನು ಲಗತ್ತಿಸುವ ಅಗತ್ಯವೂ ಇಲ್ಲ. ಕೇಳಿದ ಸೌಲಭ್ಯಕ್ಕೆ ಸಂಬಂಧಪಟ್ಟ ಪುಟ ಕೊಡಿ.

ಕೇಳುವುದನ್ನು ಅಳತೆಯಲ್ಲಿ ಕೇಳಿ. ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷವೆಂದು ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಯ ಪತ್ರಿಕೆಗೆ 60 ನಿಮಿಷ, ಒಂದೂವರೆ ಗಂಟೆಯ ಇಂಟರ್ನಲ್‌ಗೆ 30 ನಿಮಿಷ. ಇಂಟರ್ನಲ್‌ಗೆ ಇದು ಬೇಡವೆಂದುಕೊಂಡು ಸೆಮಿಸ್ಟರ್ ಕೊನೆಯ ಪರೀಕ್ಷೆಗಷ್ಟೇ ಕೇಳುವವರು ಇಂಟರ್ನಲ್ ಅಂಕಗಳನ್ನು ಅಲ್ಲೇ ಕಳೆದುಕೊಳ್ಳುತ್ತಾರೆ. ರ‍್ಯಾಂಪ್ ಇಳಿಜಾರು 1:12 ಇರಬೇಕು, ಅಂದರೆ 45 ಸೆಂಟಿಮೀಟರ್ ಎತ್ತರದ ಜಗಲಿಗೆ 540 ಸೆಂಟಿಮೀಟರ್ ಉದ್ದದ ರ‍್ಯಾಂಪ್. ‘ರ‍್ಯಾಂಪ್ ಇದೆಯಲ್ಲ’ ಎಂದು ಎರಡು ಮೀಟರಿನ ಜಾರುಬಂಡೆ ತೋರಿಸುವ ಕಟ್ಟಡಗಳಿಗೆ ಟೇಪು ಹಿಡಿದ ಫೋಟೊ ಬೇಕಾದಷ್ಟಾಯಿತು. ನೋಟ್ಸ್ ಕೇಳುವಾಗ ‘ಯೂನಿಕೋಡ್ ಕನ್ನಡದಲ್ಲಿ’ ಎಂದು ಬರೆಯಲು ಮರೆಯಬೇಡಿ. ಹಳೆಯ ನುಡಿ, ಬರಹದ ಆಸ್ಕಿ ಅಕ್ಷರದಲ್ಲಿ ಟೈಪು ಮಾಡಿದ ಕಡತವನ್ನು, ಸ್ಕ್ಯಾನ್ ಮಾಡಿದ ಪಿಡಿಎಫ್ ಅನ್ನು ಸ್ಕ್ರೀನ್ ರೀಡರ್ ಓದಲಾರದು. ‘ಸಾಫ್ಟ್ ಕಾಪಿ ಕೊಟ್ಟಿದ್ದೇವೆ’ ಎಂಬ ಉತ್ತರ ಮಾತ್ರ ಕಡತದಲ್ಲಿ ಉಳಿಯುತ್ತದೆ.

ಮಾದರಿ ಹೀಗಿರಲಿ:

> ಇವರಿಗೆ: ಕುಲಸಚಿವರು (ಮೌಲ್ಯಮಾಪನ)
> ಮುಖಾಂತರ: ಪ್ರಾಂಶುಪಾಲರು
> ವಿಷಯ: ನಾಲ್ಕನೇ ಸೆಮಿಸ್ಟರಿನ ಲಿಖಿತ ಪರೀಕ್ಷೆಗಳಿಗೆ ಲಿಪಿಕಾರರು ಮತ್ತು ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೋರಿ
>
> ಮಾನ್ಯರೇ, ನಾನು … ತರಗತಿಯ ವಿದ್ಯಾರ್ಥಿ, ನೋಂದಣಿ ಸಂಖ್ಯೆ … . ಬಲಗೈಯ ಚಲನೆಯ ಮಿತಿಯಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಸತತವಾಗಿ ಬರೆಯಲು ನನಗೆ ಸಾಧ್ಯವಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಸೆಕ್ಷನ್ 16 ಮತ್ತು 17ರಂತೆ ಮೇಲ್ಕಂಡ ಸೌಲಭ್ಯವನ್ನು ಇಂಟರ್ನಲ್ ಹಾಗೂ ಅಂತಿಮ ಪರೀಕ್ಷೆ ಎರಡಕ್ಕೂ ಒದಗಿಸಬೇಕೆಂದು ಕೋರುತ್ತೇನೆ. ಪರೀಕ್ಷೆ …ರಂದು ಆರಂಭವಾಗುವುದರಿಂದ …ರ ಒಳಗೆ ಹಿಂಬರಹ ನೀಡಬೇಕು. ಒದಗಿಸಲು ಸಾಧ್ಯವಿಲ್ಲವೆಂದಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.
>
> ಲಗತ್ತು: 1. ವೈಕಲ್ಯ ಪ್ರಮಾಣಪತ್ರ 2. ಬರೆಯುವ ಮಿತಿಯ ಪ್ರಮಾಣಪತ್ರ

ಕೊನೆಯ ಎರಡು ವಾಕ್ಯವೇ ಮನವಿಯ ಜೀವ. ದಿನಾಂಕ ಹಾಕದಿದ್ದರೆ ಅವರು ಎಂದೂ ತಡಮಾಡಿದಂತಾಗುವುದಿಲ್ಲ. ಕಾರಣ ಕೇಳದಿದ್ದರೆ ‘ಪರಿಶೀಲನೆಯಲ್ಲಿದೆ’ ಎಂಬಲ್ಲಿಗೆ ನಿಲ್ಲುತ್ತದೆ.

ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಇನ್‌ವರ್ಡ್ ಸಂಖ್ಯೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಸೀಲು ಹಾಕಲು ಒಪ್ಪದಿದ್ದರೆ ಜಗಳ ಬೇಡ. ಅದೇ ದಿನ ಅಧಿಕೃತ ಇಮೇಲ್ ವಿಳಾಸಕ್ಕೆ ಕಳಿಸಿ, ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ, ‘ತಲುಪಿದೆ’ ಎಂದು ತೋರಿಸುವ ಟ್ರ್ಯಾಕಿಂಗ್ ಪುಟವನ್ನು ಮುದ್ರಿಸಿ ರಸೀದಿಗೆ ಪಿನ್ ಮಾಡಿ. ಏಳು ದಿನಕ್ಕೆ ಒಂದು ನೆನಪೋಲೆ. ಹದಿನೈದು ದಿನವಾದರೂ ಉತ್ತರವಿಲ್ಲದಿದ್ದರೆ ಆ ಮೌನವನ್ನೇ ನಿರಾಕರಣೆಯೆಂದು ಹಿಡಿದು ಮುಂದಿನ ಹೆಜ್ಜೆ ಇಡಿ.

## 4. ಸಾಕ್ಷ್ಯ ಸೇರಿಸುವುದು

ಒಂದು ನೋಟ್‌ಬುಕ್ಕು ಅಥವಾ ಸ್ಪ್ರೆಡ್‌ಶೀಟ್ ತೆರೆದು ಐದು ಕಾಲಂ ಹಾಕಿ: ದಿನಾಂಕ ಮತ್ತು ಸಮಯ, ಜಾಗ, ಯಾರು, ಏನು ಹೇಳಿದರು ಅಥವಾ ಮಾಡಿದರು, ಕಂಡವರು. ಆಡಿದ ಮಾತನ್ನು ಆಡಿದಂತೆಯೇ ಬರೆಯಿರಿ. ‘ಅವಮಾನ ಮಾಡಿದರು’ ಎಂಬುದು ನಿಮ್ಮ ತೀರ್ಮಾನ. ‘ನಿನ್ನಂಥವರಿಗೆ ಯಾಕಮ್ಮ ಸೈನ್ಸು ಎಂದರು’ ಎಂಬುದು ಸಾಕ್ಷ್ಯ. ಘಟನೆ ನಡೆದ ದಿನವೇ ಬರೆದದ್ದಕ್ಕೆ ಇರುವ ತೂಕ, ತಿಂಗಳ ನಂತರ ನೆನಪಿಸಿಕೊಂಡದ್ದಕ್ಕೆ ಬರುವುದಿಲ್ಲ.

ಬಾಯಿಮಾತಿನ ನಿರಾಕರಣೆಯನ್ನು ಕಾಗದಕ್ಕಿಳಿಸಲು ಒಂದು ಸರಳ ದಾರಿಯಿದೆ. ಅಂದೇ ಸಂಜೆ ಇಮೇಲ್ ಹಾಕಿ: ‘ಇಂದು ಬೆಳಿಗ್ಗೆ 11 ಗಂಟೆಗೆ ತಮ್ಮನ್ನು ಭೇಟಿಯಾದಾಗ ಲ್ಯಾಬನ್ನು ನೆಲಮಹಡಿಗೆ ವರ್ಗಾಯಿಸಲು ಸಾಧ್ಯವಿಲ್ಲವೆಂದು ತಿಳಿಸಿದಿರಿ. ನಾನು ಅರ್ಥಮಾಡಿಕೊಂಡದ್ದು ತಪ್ಪಿದ್ದರೆ ದಯವಿಟ್ಟು ತಿದ್ದಿ.’ ಅವರು ತಿದ್ದಿದರೆ ನಿಮಗೆ ಉತ್ತರ ಸಿಕ್ಕಿತು. ತಿದ್ದದಿದ್ದರೆ ದಾಖಲೆ ಸಿಕ್ಕಿತು.

ವಾಟ್ಸ್‌ಆ್ಯಪ್‌ನ ಸ್ಕ್ರೀನ್‌ಶಾಟಿನಲ್ಲಿ ಕಳಿಸಿದವರ ಸಂಖ್ಯೆ, ದಿನಾಂಕ ಎರಡೂ ಕಾಣಬೇಕು. ಜೊತೆಗೆ ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿಡಿ, ಯಾಕೆಂದರೆ ಮಧ್ಯದ ಎರಡು ಸಾಲು ಮಾತ್ರ ತೋರಿಸಿದರೆ ‘ಸಂದರ್ಭ ಬಿಟ್ಟು ಹೇಳುತ್ತಿದ್ದಾರೆ’ ಎನ್ನುತ್ತಾರೆ. ಆಡಿಯೊ, ವಿಡಿಯೊ ಇದ್ದರೆ ಮೂಲ ಫೋನಿನಿಂದ ಅಳಿಸಬೇಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ. ಕತ್ತರಿಸಿ ಜೋಡಿಸಿದ ಕ್ಲಿಪ್ಪು ನಿಮ್ಮ ಇಡೀ ದೂರಿನ ನಂಬಿಕೆ ಕೆಡಿಸುತ್ತದೆ.

ದಾಖಲೆ ಕಾಲೇಜಿನ ಕೈಯಲ್ಲೇ ಇದ್ದರೆ ಮಾಹಿತಿ ಹಕ್ಕು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮೀರಿದ್ದೇ ನೆಪವಾಗಿ ಅರ್ಜಿ ತಿರಸ್ಕೃತವಾಗುತ್ತದೆ. ‘ಯಾಕೆ ಕೊಡಲಿಲ್ಲ?’ ಎಂಬ ಪ್ರಶ್ನೆ ಹಾಕಬೇಡಿ, ದಾಖಲೆಯ ಪ್ರತಿ ಕೇಳಿ: ಸೆಕ್ಷನ್ 21ರ ಸಮಾನ ಅವಕಾಶ ನೀತಿಯ ಪ್ರತಿ, ನಿಮ್ಮ ಮನವಿಯ ಕಡತದ ಟಿಪ್ಪಣಿ ಹಾಳೆಗಳು, ಕಳೆದ ಎರಡು ವರ್ಷದಲ್ಲಿ ಲಿಪಿಕಾರ ಸೌಲಭ್ಯ ನೀಡಿದ ಆದೇಶಗಳು. ಬೇರೆಯವರಿಗೆ ಕೊಟ್ಟು ನಿಮಗೆ ಕೊಡದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅನುದಾನವಿಲ್ಲದ ಖಾಸಗಿ ಕಾಲೇಜು ಮಾಹಿತಿ ಹಕ್ಕಿಗೆ ಬರುವುದಿಲ್ಲವೆಂದರೆ, ಅದು ಸಂಯೋಜಿತವಾಗಿರುವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ.

## 5. ಯಾರ ಬಾಗಿಲು?

ಸಂಯೋಜಿತ ಕಾಲೇಜುಗಳಲ್ಲಿ ಇದೇ ದೊಡ್ಡ ಗೋಜಲು. ತರಗತಿ, ಲ್ಯಾಬು, ಇಂಟರ್ನಲ್, ಕಟ್ಟಡ, ಹಾಸ್ಟೆಲ್ ಕಾಲೇಜಿನ ಹೊಣೆ, ಪ್ರಾಂಶುಪಾಲರಿಗೆ ಬರೆಯಿರಿ. ಅಂತಿಮ ಪರೀಕ್ಷೆ ವಿಶ್ವವಿದ್ಯಾಲಯದ್ದು; ಕುಲಸಚಿವರು (ಮೌಲ್ಯಮಾಪನ) ಅವರಿಗೆ, ಪ್ರಾಂಶುಪಾಲರ ಮುಖಾಂತರ, ಜೊತೆಗೊಂದು ಮುಂಗಡ ಪ್ರತಿ ನೇರವಾಗಿ. ನೀತಿ, ಪ್ರವೇಶದ ವಿಷಯ ಕುಲಸಚಿವರಿಗೆ. ವಿಟಿಯು (ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಎಂಜಿನಿಯರಿಂಗ್ ವಿದ್ಯಾರ್ಥಿ ಪರೀಕ್ಷೆಯ ಹೆಚ್ಚುವರಿ ಸಮಯಕ್ಕಾಗಿ ಪ್ರಾಂಶುಪಾಲರ ಮೇಲಷ್ಟೇ ದೂರಿದರೆ ‘ಅದು ಬೆಳಗಾವಿಯ ಕೆಲಸ’ ಎಂಬ ಉತ್ತರ ಬರುತ್ತದೆ. ಅನುಮಾನವಿದ್ದರೆ ಇಬ್ಬರನ್ನೂ ಪ್ರತಿವಾದಿ ಮಾಡಿ.

‘ಕುಂದುಕೊರತೆ ಪರಿಹಾರ ಅಧಿಕಾರಿ’ ಎಂಬ ಫಲಕ ಕಂಡು ನೇರ ಅಲ್ಲಿಗೆ ಹೋಗುವವರಿಗೆ ಒಂದು ಮಾತು. ಕಾಯ್ದೆಯ ಸೆಕ್ಷನ್ 23ರಡಿ ನೇಮಕವಾಗುವ ಆ ಅಧಿಕಾರಿ ನೋಡುವುದು ಸೆಕ್ಷನ್ 20ರ ಉದ್ಯೋಗ ಸಂಬಂಧಿ ದೂರುಗಳನ್ನು. ವಿದ್ಯಾರ್ಥಿಗಳಿಗೆ ಇರುವುದು ಬೇರೆ ಸಮಿತಿ; ಅದು 7ನೇ ಹಂತದಲ್ಲಿ ಬರುತ್ತದೆ. ಸಮಾನ ಅವಕಾಶ ಕೋಶ, ತಾರತಮ್ಯ ವಿರೋಧಿ ಅಧಿಕಾರಿ ಇದ್ದರೆ ದೂರಿನ ಪ್ರತಿಯನ್ನು ಅವರಿಗೂ ಕೊಡಿ, ಆದರೆ ಅವರ ಬಾಯಿಮಾತಿನ ಭರವಸೆಗೆ ಕಾಯುತ್ತ ಕೂರಬೇಡಿ.

## 6. ದೂರು ಬರೆಯುವುದು

ಎರಡು ಪುಟ ಮೀರದಿರಲಿ. ಐದು ಅಂಶ ಬೇಕು, ಮತ್ತು ಇದೇ ಕ್ರಮದಲ್ಲಿ ಬರೆದರೆ ವಿಕಲಚೇತನರ ಆಯುಕ್ತರ (8ನೇ ಹಂತ) ಮುಂದೆಯೂ ಅದೇ ಕರಡು ನಡೆಯುತ್ತದೆ: ನಿಮ್ಮ ಹೆಸರು, ವಿಳಾಸ, ವಿವರ; ಪ್ರತಿವಾದಿಯ ಹುದ್ದೆ, ವಿಳಾಸ; ಏನಾಯಿತು, ಯಾವಾಗ, ಎಲ್ಲಿ; ದಾಖಲೆಗಳ ಪಟ್ಟಿ; ಕೋರುವ ಪರಿಹಾರ.

ಘಟನೆಗಳನ್ನು ದಿನಾಂಕದ ಕ್ರಮದಲ್ಲಿ, ಒಂದೊಂದು ಪ್ಯಾರಾಕ್ಕೆ ಸಂಖ್ಯೆ ಕೊಟ್ಟು ಬರೆಯಿರಿ. ಪ್ರತಿ ಪ್ಯಾರಾದ ಕೊನೆಗೆ ‘ಲಗತ್ತು 3 ನೋಡಿ’ ಎಂಬಂತೆ ದಾಖಲೆ ತೋರಿಸಿ. ದಾಖಲೆಯಿಲ್ಲದ ಮಾತು ಇರಬಾರದೆಂದೇನಿಲ್ಲ. ಅದನ್ನು ‘ಸಾಕ್ಷಿ: ಸಹಪಾಠಿ’ ಎಂದು ಬೇರೆ ಗುರುತಿಸಿ.

ಪರಿಹಾರದ ಭಾಗದಲ್ಲಿಯೇ ಬಹುಪಾಲು ದೂರು ಸೋಲುವುದು. ‘ನ್ಯಾಯ ಕೊಡಿಸಿ’, ‘ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಿ’ ಎಂದು ಬರೆದರೆ ಸಮಿತಿ ಉಪನ್ಯಾಸಕರಿಗೆ ‘ಎಚ್ಚರಿಕೆ ನೀಡಲಾಗಿದೆ’ ಎಂದು ಬರೆದು ಮುಗಿಸುತ್ತದೆ. ನಿಮಗೆ ಲಿಪಿಕಾರರೂ ಸಿಗುವುದಿಲ್ಲ, ಮರುಪರೀಕ್ಷೆಯೂ ಇಲ್ಲ. ಹೀಗೆ ಕೇಳಿ: ‘ಮಾರ್ಚ್ 12ರ ಪತ್ರಿಕೆಗೆ ಹೆಚ್ಚುವರಿ ಸಮಯ ನೀಡದ ಕಾರಣ ಅದೇ ಸೆಮಿಸ್ಟರಿನಲ್ಲಿ ಶುಲ್ಕವಿಲ್ಲದೆ ಮರುಪರೀಕ್ಷೆ, ಅದನ್ನು ಹೆಚ್ಚುವರಿ ಪ್ರಯತ್ನವೆಂದು ಎಣಿಸಬಾರದು, ಉಳಿದ ಎಲ್ಲ ಸೆಮಿಸ್ಟರ್‌ಗಳಿಗೂ ಒಂದೇ ಆದೇಶ.’ ಕ್ರಮ ಕೈಗೊಳ್ಳಬೇಕೆಂಬುದು ಕೊನೆಯ ಅಂಶವಾಗಿರಲಿ.

ಅವರ ಉತ್ತರವನ್ನು ಮೊದಲೇ ಊಹಿಸಿ. ‘ಉಳಿದ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತದೆ’ ಎಂದರೆ, ಹೊಂದಾಣಿಕೆ ಸೆಕ್ಷನ್ 17ರಲ್ಲೇ ಇದೆ. ‘ದುಡ್ಡಿಲ್ಲ’ ಎಂದರೆ, ಅತಿಯಾದ ಹೊರೆ ಎಂಬುದನ್ನು ಆ ನಿರ್ದಿಷ್ಟ ಪ್ರಕರಣದಲ್ಲಿ ತೋರಿಸಬೇಕು, ಬರೀ ಹೇಳಿದರಾಗದು. ಹಾಗೆಂದು ಖರ್ಚನ್ನು ನಿಮ್ಮ ತಲೆಗೆ ಕಟ್ಟುವಂತೆಯೂ ಇಲ್ಲ: ಕೇಂದ್ರದ 2017ರ ನಿಯಮಗಳಲ್ಲಿ 3ನೇ ನಿಯಮ, ಸೂಕ್ತ ಹೊಂದಾಣಿಕೆಯ ವೆಚ್ಚವನ್ನು ಭಾಗಶಃವಾಗಿಯೂ ವಿಕಲಚೇತನರಿಂದ ವಸೂಲಿ ಮಾಡಬಾರದೆನ್ನುತ್ತದೆ. ಅದೇ ನಿಯಮದಂತೆ, ತಾರತಮ್ಯದ ದೂರು ಬಂದಾಗ ಸಂಸ್ಥೆಯ ಮುಖ್ಯಸ್ಥರು ಒಂದೋ ಕ್ರಮ ಕೈಗೊಳ್ಳಬೇಕು, ಇಲ್ಲವೇ ತಮ್ಮ ನಡೆ ನ್ಯಾಯಬದ್ಧ ಗುರಿಗೆ ತಕ್ಕ ಪ್ರಮಾಣದ ಮಾರ್ಗ ಹೇಗೆಂದು ಲಿಖಿತವಾಗಿ ತಿಳಿಸಬೇಕು. ರಾಜ್ಯದ ಸಂಸ್ಥೆಗೆ ಬರೆಯುವಾಗ ಕಾಯ್ದೆಯ ಸೆಕ್ಷನ್ 3(3), 16, 17 ಮುಂದಿಡಿ, ಕೇಂದ್ರದ ನಿಯಮವನ್ನು ಅದರ ಹಿಂದೆ.

ವ್ಯಕ್ತಿಯ ನಡತೆ, ಜಾತಿ, ಮನೆ ವಿಷಯ ಒಂದಕ್ಷರ ಬೇಡ. ಸುಳ್ಳು ದೂರೆಂದು ಕಂಡರೆ ದೂರುದಾರರ ಮೇಲೆ ಕ್ರಮಕ್ಕೆ ಶಿಫಾರಸು ಮಾಡುವ ಅವಕಾಶ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿದೆ.

## 7. ಒಳಗಿನ ಹಾದಿ: ಸಮಿತಿ, ಆಮೇಲೆ ಒಂಬುಡ್ಸ್‌ಪರ್ಸನ್

ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಾವಳಿ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ವಿಕಲಚೇತನ ವಿದ್ಯಾರ್ಥಿಗಳ ತಾರತಮ್ಯದ ದೂರು ಅದರ ವ್ಯಾಪ್ತಿಯಲ್ಲೇ ಇದೆ. ದೂರು ಸಿಕ್ಕ 15 ಕೆಲಸದ ದಿನದೊಳಗೆ ಸಮಿತಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 15 ದಿನದೊಳಗೆ, ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿಯಾದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಅಲ್ಲಿ 30 ದಿನ. ವಿಶ್ವವಿದ್ಯಾಲಯ ನೇಮಿಸುವ ಒಂಬುಡ್ಸ್‌ಪರ್ಸನ್ ಸಂಯೋಜಿತ ಕಾಲೇಜುಗಳಿಗೂ ಅನ್ವಯ. ಎರಡೂ ಕಡೆ ನೀವೇ ಹೋಗಬಹುದು ಅಥವಾ ಪ್ರತಿನಿಧಿಯನ್ನು ಕಳಿಸಬಹುದು.

ಮೇಲ್ಮನವಿಯ 15 ದಿನ ತಪ್ಪಿಸಿಕೊಳ್ಳುವವರೇ ಹೆಚ್ಚು. ತೀರ್ಮಾನದ ಪ್ರತಿ ಬಂದ ಲಕೋಟೆಯ ಮೇಲಿನ ಅಂಚೆ ಮುದ್ರೆ, ಇಮೇಲ್ ಬಂದ ದಿನ ಜೋಪಾನವಾಗಿಡಿ.

ವಿಚಾರಣೆಗೆ ಕರೆ ಬಂದಾಗ ನಿಮಗೆ ಬೇಕಾದ ಹೊಂದಾಣಿಕೆಯನ್ನು ಲಿಖಿತವಾಗಿ ಕೇಳಿ: ನೆಲಮಹಡಿಯ ಕೊಠಡಿ, ಸನ್ನೆ ಭಾಷೆಯ ದುಭಾಷಿ, ಪ್ರಶ್ನೆಗಳನ್ನು ಬರೆದು ಕೊಡುವುದು, ಆನ್‌ಲೈನ್ ಹಾಜರಿ. ತಾರತಮ್ಯದ ದೂರು ಕೇಳುವ ಸಭೆ ಲಿಫ್ಟಿಲ್ಲದ ಎರಡನೇ ಮಹಡಿಯಲ್ಲಿ ನಡೆಯುವುದೂ ಉಂಟು. ದೂರಿನ ಪೋರ್ಟಲ್ಲೇ ಸ್ಕ್ರೀನ್ ರೀಡರ್‌ಗೆ ತೆರೆದುಕೊಳ್ಳದಿದ್ದರೆ ಇಮೇಲ್‌ನಲ್ಲಿ ಕಳಿಸಿ, ತೆರೆಯದ ಪುಟದ ಚಿತ್ರವನ್ನೂ ಲಗತ್ತಿಸಿ.

ಯಾರ ಮೇಲೆ ದೂರಿದ್ದೀರೋ ಅವರೇ ಸಮಿತಿಯಲ್ಲಿ ಕೂತಿದ್ದರೆ ಮೊದಲ ದಿನವೇ ಲಿಖಿತ ಆಕ್ಷೇಪ ಸಲ್ಲಿಸಿ. ತೀರ್ಮಾನ ಬಂದ ಮೇಲೆ ಹೇಳಿದರೆ ಸೋತವರ ನೆಪದಂತೆ ಕೇಳಿಸುತ್ತದೆ. ಸಮಿತಿಯೇ ಇಲ್ಲವೆಂದಾದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದಾಖಲಿಸಿ ಮುಂದಿನ ಹೆಜ್ಜೆಗೆ ಹೋಗಿ. ಐಐಟಿ, ಎನ್‌ಐಟಿಯಂಥವು ಯುಜಿಸಿ ವ್ಯಾಪ್ತಿಗೆ ಹೊರಗಿನವು. ಅಲ್ಲಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದು ನೇರ ಆಯುಕ್ತರಲ್ಲಿಗೆ.

## 8. ಹೊರಗಿನ ಹಾದಿ ಮತ್ತು ತುರ್ತು

ಆಯುಕ್ತರು. ರಾಜ್ಯ ವಿಶ್ವವಿದ್ಯಾಲಯ, ಅದರ ಕಾಲೇಜುಗಳು, ಖಾಸಗಿ ಸಂಸ್ಥೆಗಳ ಮೇಲಿನ ದೂರು ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ, ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡದ ಐಐಟಿಯಂಥ ಕೇಂದ್ರದ ಸಂಸ್ಥೆಗಳಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ. ತಪ್ಪು ಕಡೆ ಕಳಿಸಿದರೆ ವರ್ಗಾವಣೆಯಲ್ಲೇ ವಾರಗಟ್ಟಲೆ ಹೋಗುತ್ತದೆ. ವಕೀಲರು ಬೇಕಿಲ್ಲ. ಒಳಗಿನ ಹಾದಿ ಮುಗಿಸಿಯೇ ಬರಬೇಕೆಂಬ ಷರತ್ತು ಕಾಯ್ದೆಯಲ್ಲಿಲ್ಲ, ಆದರೆ ಸೀಲು ಬಿದ್ದ ಮನವಿಯ ಪ್ರತಿ ಇಲ್ಲದೆ ಹೋದರೆ ಮೊದಲ ವಿಚಾರಣೆ ಅದನ್ನು ಹುಡುಕುವುದರಲ್ಲೇ ಕಳೆಯುತ್ತದೆ.

ಕೇಂದ್ರದ ನಿಯಮದಂತೆ ಮುಖ್ಯ ಆಯುಕ್ತರು ದೂರಿನ ಪ್ರತಿಯನ್ನು ಪ್ರತಿವಾದಿಗೆ ಕಳಿಸಿ 30 ದಿನದಲ್ಲಿ ಉತ್ತರ ಕೇಳುತ್ತಾರೆ. ಇನ್ನೂ 15 ದಿನದವರೆಗೆ ವಿಸ್ತರಿಸಬಹುದು. ತಾರತಮ್ಯದ ದೂರಿನ ವಿಲೇವಾರಿಗೆ 60 ದಿನ. ಅಸಾಧಾರಣ ಪ್ರಕರಣವಾದರೆ 30. ನಿಮ್ಮದು ಅಂಥದ್ದಾದರೆ ಮೊದಲ ಪುಟದ ತಲೆಯಲ್ಲೇ ‘ತುರ್ತು: ಪರೀಕ್ಷೆ …ರಂದು’ ಎಂದು ಬರೆಯಿರಿ. ಕಾಲೇಜಿನ ಉತ್ತರ ಬಂದಾಗ ಪ್ಯಾರಾವಾರು ಮರುತ್ತರ ಕೊಡಿ. ಸುಮ್ಮನಿದ್ದರೆ, ವಿಚಾರಣೆಗೆ ತಪ್ಪಿಸಿಕೊಂಡರೆ ದೂರು ವಜಾ ಆಗಬಹುದು.

ಸಮನ್ಸ್ ಕೊಡಲು, ದಾಖಲೆ ತರಿಸಲು ಆಯುಕ್ತರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಕೊನೆಗೆ ಬರುವುದು ಶಿಫಾರಸು. ಅದರಂತೆ ಸಂಸ್ಥೆ ನಡೆದು ಮೂರು ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣವನ್ನು ಆಯುಕ್ತರಿಗೂ ನಿಮಗೂ ಬರೆದುಕೊಡಬೇಕು. ಕೇಂದ್ರದಲ್ಲಿ ಇದು ಸೆಕ್ಷನ್ 76, ರಾಜ್ಯದಲ್ಲಿ 81.

ಹೈಕೋರ್ಟ್. ನಾಳಿದ್ದಿನ ಪರೀಕ್ಷೆಯನ್ನು ಶಿಫಾರಸು ಉಳಿಸುವುದಿಲ್ಲ. ಅಂಥ ಹೊತ್ತಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಮತ್ತು ಮಧ್ಯಂತರ ಆದೇಶವೇ ದಾರಿ. ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ ಈ ಮೂರು ಕಡೆ ಪೀಠಗಳಿವೆ. ವಕೀಲರ ಖರ್ಚಿಗೆ ಹೆದರಬೇಡಿ: ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಸೆಕ್ಷನ್ 12ರಂತೆ ವಿಕಲಚೇತನರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಒಯ್ಯಬೇಕಾದದ್ದು ಮನವಿ, ಅದರ ಸೀಲು ಬಿದ್ದ ಪ್ರತಿ, ನೆನಪೋಲೆ, ಪರೀಕ್ಷೆಯ ವೇಳಾಪಟ್ಟಿ. ಇವು ನಾಲ್ಕು ಕೈಯಲ್ಲಿದ್ದರೆ ವಕೀಲರು ಅಂದೇ ಕರಡು ಶುರುಮಾಡಬಹುದು.

ಪರೀಕ್ಷೆ ಮುಗಿದುಹೋದ ಮೇಲೂ ಪ್ರಯತ್ನ ವ್ಯರ್ಥವಲ್ಲ. ನೀಟ್‌ನಲ್ಲಿ ಡಿಸ್‌ಗ್ರಾಫಿಯಾ (ಬರೆಯಲು ಅಡ್ಡಿಯಾಗುವ ಕಲಿಕಾ ತೊಂದರೆ) ಇದ್ದ ವಿದ್ಯಾರ್ಥಿನಿಗೆ ಸಿಗಬೇಕಿದ್ದ ಹೆಚ್ಚುವರಿ ಒಂದು ಗಂಟೆ ಕೊಡದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ನವೆಂಬರ್ 23ರಂದು ಅದು ಅನ್ಯಾಯವೆಂದಿತು. ಮರುಪರೀಕ್ಷೆಗೆ ಆದೇಶಿಸದಿದ್ದರೂ, ಅನ್ಯಾಯವನ್ನು ಸರಿಪಡಿಸುವ ಬೇರೆ ಕ್ರಮವನ್ನು ಪರಿಶೀಲಿಸಲು ಪರೀಕ್ಷಾ ಸಂಸ್ಥೆಗೆ ಹೇಳಿತು. ಮರುಪರೀಕ್ಷೆ ಖಚಿತವೆಂದು ಕೂರುವುದಕ್ಕಿಂತ ಪರೀಕ್ಷೆಗೆ ಮುಂಚೆ ಓಡುವುದು ಲೇಸೆಂಬುದಕ್ಕೂ ಅದೇ ತೀರ್ಪು ಉದಾಹರಣೆ.

ಪೊಲೀಸ್. ಸಾರ್ವಜನಿಕವಾಗಿ ಕಾಣುವ ಜಾಗದಲ್ಲಿ ಹೀಯಾಳಿಸಬೇಕೆಂದೇ ಅವಮಾನಿಸಿದರೆ, ಬೆದರಿಸಿದರೆ ಅದು ಸೆಕ್ಷನ್ 92ರ ಅಪರಾಧ. ಶಿಕ್ಷೆ ಆರು ತಿಂಗಳಿನಿಂದ ಐದು ವರ್ಷ ಜೈಲು ಮತ್ತು ದಂಡ. ಹಲ್ಲೆಯೂ ಅದರಲ್ಲೇ ಬರುತ್ತದೆ. ಲಿಪಿಕಾರರನ್ನು ಕೊಡಲಿಲ್ಲವೆಂದು ಠಾಣೆಗೆ ಹೋದರೆ ಮಾತ್ರ ಸಮಯ ಹಾಳು.

## 9. ದೂರು ಕೊಟ್ಟ ಮೇಲೆ

ದೂರು ಸಲ್ಲಿಸುವ ಹಿಂದಿನ ದಿನ ಪೋರ್ಟಲ್‌ನಲ್ಲಿರುವ ನಿಮ್ಮ ಹಾಜರಾತಿ, ಇಂಟರ್ನಲ್ ಅಂಕ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಇಳಿದರೆ ಹೋಲಿಸಲು ಅದೊಂದೇ ಆಧಾರ. ತರಗತಿ ತಪ್ಪಿಸಬೇಡಿ, ಹಾಜರಾತಿ ಕೊರತೆಯೆಂಬ ಅಸ್ತ್ರವನ್ನು ನೀವಾಗಿಯೇ ಕೈಗೆ ಕೊಟ್ಟಂತಾಗುತ್ತದೆ.

ಕೆಲವು ಸೂಚನೆ ಕಂಡರೆ ಎಚ್ಚರವಾಗಿ. ‘ದೂರು ವಾಪಸ್ ತೆಗೆದುಕೊಂಡರೆ ಎಲ್ಲ ಮಾಡಿಕೊಡುತ್ತೇವೆ’ ಎಂದರೆ ಮೊದಲು ಆದೇಶ ಕೈಗೆ ಬರಲಿ, ಆಮೇಲೆ ವಾಪಸು. ಖಾಲಿ ಹಾಳೆಗೆ ಅಥವಾ ‘ಸಮಸ್ಯೆ ಸೌಹಾರ್ದದಿಂದ ಬಗೆಹರಿದಿದೆ’ ಎಂಬ ಟೈಪು ಮಾಡಿದ ಪತ್ರಕ್ಕೆ ಸಹಿ ಕೇಳಿದರೆ ಪ್ರತಿ ಕೇಳಿ, ಮನೆಗೆ ತಂದು ಓದಿ. ಅಪ್ಪ ಅಮ್ಮನಿಗೆ ನೇರ ಫೋನು ಮಾಡಿ ‘ಮಗಳ ಭವಿಷ್ಯ ನೋಡಿಕೊಳ್ಳಿ’ ಎನ್ನುವುದೂ ಉಂಟು. ಮನೆಯವರಿಗೆ ಮೊದಲೇ ಹೇಳಿಟ್ಟಿರಿ, ಕರೆಯ ದಿನಾಂಕ, ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂಲ ಅಂಕಪಟ್ಟಿ, ಪ್ರಮಾಣಪತ್ರ ತಡೆಹಿಡಿದರೆ ಅದು ಹೊಸ ದೂರು. ಅದಕ್ಕೂ ಅದೇ ಸಮಿತಿ. ಇಂಥದ್ದು ನಡೆದಾಗಲೆಲ್ಲ ಬಾಕಿಯಿರುವ ದೂರಿಗೆ ‘ಹೆಚ್ಚುವರಿ ಮಾಹಿತಿ’ ಎಂದು ಒಂದು ಪುಟ ಸೇರಿಸಿ ಕಳಿಸಿ.

ಆದೇಶ ನಿಮ್ಮ ಪರವಾಗಿ ಬಂದಾಗ ಒಂದು ಪರೀಕ್ಷೆಗೆ ಮಾತ್ರವೋ ಕೋರ್ಸ್ ಮುಗಿಯುವವರೆಗೋ ಓದಿ ನೋಡಿ. ಒಂದಕ್ಕೇ ಸೀಮಿತವಾಗಿದ್ದರೆ ಅದೇ ವಾರ ವಿಸ್ತರಣೆಗೆ ಬರೆಯಿರಿ. ಅದರ ಪ್ರತಿಯನ್ನು ಪ್ರತಿ ಸೆಮಿಸ್ಟರಿನ ಮೊದಲ ವಾರ ಪರೀಕ್ಷಾ ವಿಭಾಗಕ್ಕೆ ಕೊಟ್ಟು ಸೀಲು ಹಾಕಿಸಿ, ಪರೀಕ್ಷೆಯ ದಿನ ಇನ್ನೊಂದನ್ನು ಪ್ರವೇಶಪತ್ರದ ಜೊತೆಗೇ ಇಟ್ಟುಕೊಳ್ಳಿ. ಕೊಠಡಿ ಮೇಲ್ವಿಚಾರಕರಿಗೆ ಕುಲಸಚಿವರ ಆದೇಶ ತಲುಪಿರುವುದೇ ಇಲ್ಲ.